ಗುಂಡುಕಲ್ಲು ಮಲಗಿದ ತೊಟ್ಟಿಲು

ಚಾಮರಾಜಪೇಟೆಯ ಐದನೇ ಮೇನ್ ರೋಡಿನ ಅಡ್ಡರಸ್ತೆಯಲ್ಲಿ ಒಂದು ವಠಾರವಿತ್ತು. ನಡುವೆ ಉದ್ದನೆಯ ಓಣಿ, ಎರಡೂ ಕಡೆ ಎದುರುಬದುರು ಮನೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ, ಬಟ್ಟೆ ಒಗೆಯುವ ಕಲ್ಲು. ಬೆಳಗಾಯಿತೆಂದರೆ ಆ ಓಣಿಯಲ್ಲಿ ಮನುಷ್ಯರಿಗಿಂತ ಮೊದಲು ಲೋಟಗಳು ಓಡಾಡುತ್ತಿದ್ದವು. ಕಾಫಿಪುಡಿಯ ಲೋಟ, ಸಕ್ಕರೆಯ ಲೋಟ, ಹೆಪ್ಪಿನ ಬಟ್ಟಲು. ಒಂದು ಮನೆಯಿಂದ ಹೊರಟದ್ದು ಎರಡನೆಯ ಮನೆಗೆ ಹೋಗಿ, ಅಲ್ಲಿಂದ ಮೂರನೆಯ ಮನೆ ಸೇರಿ, ಕಡೆಗೆ ಯುಗಾದಿಯ ಹಿಂದಿನ ದಿನ ಎಲ್ಲ ಪಾತ್ರೆಗಳನ್ನೂ ನಲ್ಲಿಯ ಹತ್ತಿರ ತಂದು ಗುಡ್ಡೆ ಹಾಕಿ, ಅವರವರದ್ದನ್ನು ಅವರವರು ಆರಿಸಿಕೊಳ್ಳಬೇಕಾಗುತ್ತಿತ್ತು. ವಿಶಾಲಮ್ಮನವರ ಪಾತ್ರೆ ಮಾತ್ರ ಆ ಗುಡ್ಡೆಯಲ್ಲಿ ಎಂದೂ ಸಿಕ್ಕಿದ್ದಿಲ್ಲ.

ಹಾಗೆಂದು ವಿಶಾಲಮ್ಮ ಕೊಡದವರಲ್ಲ. ಎದುರು ಮನೆಯ ಮಹಾನಂದ ಲೋಟ ಹಿಡಿದು ಬಂದರೆ ಡಬ್ಬ ತೆಗೆದು ಸಕ್ಕರೆ ತುಂಬಿ, ಚಾಕುವಿನ ಬೆನ್ನಿನಿಂದ ಲೋಟದ ಬಾಯನ್ನು ಒಂದು ಸಲ ಸವರಿ, ಸಮ ಮಾಡಿ ಕೊಡುತ್ತಿದ್ದರು. ಮಹಾನಂದ ಹಿಂದಿರುಗಿಸುವಾಗ ಅದೇ ಲೋಟದ ಮೇಲೆ ಗೋಪುರ ಕಟ್ಟಿಕೊಂಡು ತರುತ್ತಿದ್ದಳು. ವಿಶಾಲಮ್ಮ ಮತ್ತೆ ಅದೇ ಚಾಕು ತಂದು ಗೋಪುರವನ್ನು ಕಾಗದದ ಮೇಲೆ ಬೀಳಿಸಿ, ಪೊಟ್ಟಣ ಕಟ್ಟಿ, ಅವಳ ಕೈಗೇ ಇಡುತ್ತಿದ್ದರು.

“ಇದೇನ್ರೀ ವಿಶಾಲಮ್ಮನೋರೇ, ಒಂದ್ ಚಮಚ ಸಕ್ಕರೆ! ಇರುವೆಗಾದ್ರೂ ಹಾಕಿ.”

“ನಮ್ಮನೆ ಇರುವೆಗೆ ನಮ್ಮನೆ ಸಕ್ಕರೆ ಇದೆಯಮ್ಮ.”

ಮಹಾನಂದ ನಗುನಗುತ್ತಲೇ ಓಣಿ ದಾಟುತ್ತಿದ್ದಳು. ಅವಳ ಗಂಡ ಪ್ರಭುದೇವ ನಗರ್ತಪೇಟೆಯ ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಯುವವನು. ಕೈತುಂಬ ಕೊಟ್ಟು ಕೈತುಂಬ ಇಸಿದುಕೊಳ್ಳುವ ಮನೆ ಅದು. ವರ್ಷ ಕಳೆದಂತೆ ಅವಳ ನಗು ಸಣ್ಣದಾಗುತ್ತಾ ಬಂದದ್ದನ್ನು ವಿಶಾಲಮ್ಮ ಗಮನಿಸಲಿಲ್ಲ. ಕೊಟ್ಟು ತೀರಿಸಿದ ಮೇಲೆ ಅಲ್ಲಿಗೆ ಮುಗಿಯಿತು ಎಂಬುದು ಅವರ ಲೆಕ್ಕ.

ಅವರ ಸಂಸಾರ ನಡೆಯುತ್ತಿದ್ದದ್ದು ಹತ್ತಿಯಿಂದ. ಹೂಬತ್ತಿ ಹೊಸೆದು, ಗೆಜ್ಜೆವಸ್ತ್ರ ಮಾಡಿ, ಗಾಂಧಿ ಬಜಾರಿನಲ್ಲಿ ಪೂಜೆಯ ಸಾಮಾನು ಮಾರುವ ಗ್ರಂಧಿಗೆ ಅಂಗಡಿಗೆ ಕೊಟ್ಟು ಬರುತ್ತಿದ್ದರು. ಗೌರಿ ಹಬ್ಬದ ಮುಂಚೆ ಬೆರಳು ಸಿಪ್ಪೆ ಏಳುವಷ್ಟು ಕೆಲಸ. ಆಷಾಢದಲ್ಲಿ ಸಾರಿಗೆ ಬೇಳೆ ಕಡಿಮೆ. ಒಮ್ಮೆ ಬೆಕ್ಕು ಬಂದು ಮೊಸರಿನ ಪಾತ್ರೆ ಉರುಳಿಸಿ ಹೋಯಿತು. ಹೆಪ್ಪಿಗೆ ಒಂದು ತೊಟ್ಟೂ ಉಳಿಯಲಿಲ್ಲ. ಓಣಿಯ ಯಾವ ಬಾಗಿಲಿಗೆ ಹೋದರೂ ಒಂದು ಚಮಚ ಸಿಕ್ಕುತ್ತಿತ್ತು. ವಿಶಾಲಮ್ಮ ಹೋಗಲಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟು ಮುರಿದು ಹಾಕಿ, ಮುಚ್ಚಿಟ್ಟು, ಅದು ಮೊಸರಾಗುವವರೆಗೆ ಬರಿಯ ಸಾರನ್ನ ಉಂಡರು. ಮಗಳು ಸುಪ್ರಜಾ ಆಗ ಹೈಸ್ಕೂಲಿನಲ್ಲಿದ್ದಳು. “ಅಮ್ಮ, ಒಂದ್ ಚಮಚ ಮೊಸರು ಕೇಳಿದ್ರೆ ಭೂಮಿ ಬಾಯಿ ಬಿಡುತ್ತಾ?” ಎಂದಳು.

“ನಮ್ಮನೇಲಿ ಒಂದು ಸಲ ಬಿಟ್ಟಿದೆ. ಸಾಕು,” ಎಂದರು ವಿಶಾಲಮ್ಮ.

ಆ ಒಂದು ಸಲ ಯಾವುದೆಂದು ಹೇಳದಿದ್ದರೆ ಈ ಹೆಂಗಸು ಅರ್ಥವಾಗುವುದಿಲ್ಲ.

ಅವರ ಯಜಮಾನರು ಬದರೀನಾರಾಯಣ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಸಂಬಳ ಚಿಕ್ಕದು, ಮನಸ್ಸು ಮಾತ್ರ ಛತ್ರದಷ್ಟು ದೊಡ್ಡದು. ಕೈ ಬೀಸಿಕೊಂಡು ಹೊರಗೆ ಹೋದವರು ಏನಾದರೂ ಹಿಡಿದುಕೊಂಡೇ ಬರುತ್ತಿದ್ದರು. ಇವತ್ತು ಒಂದು ಕುರ್ಚಿ, ನಾಳೆ ಗೋಡೆ ಗಡಿಯಾರ, ಮಳೆಗಾಲಕ್ಕೆ ಛತ್ರಿ, ಚಳಿಗೆ ಶಾಲು, ಮಗಳು ಹುಟ್ಟಿದಾಗ ಮರದ ತೊಟ್ಟಿಲು. “ಎಲ್ಲಿಂದ ಬಂತೂಂದ್ರೆ?” ಎಂದು ಕೇಳಿದರೆ, “ನಿನಗೋಸ್ಕರ ಬಂತು ಕಣೇ,” ಎಂದು ನಗುತ್ತಿದ್ದರು. ಬಡತನದಲ್ಲೂ ಗಂಡ ಒಂದೊಂದೇ ಸಾಮಾನು ಕೂಡಿಸುತ್ತಿದ್ದಾನೆಂದು ವಿಶಾಲಮ್ಮ ಎಲ್ಲವನ್ನೂ ಒರೆಸಿ ಒರೆಸಿ ಇಟ್ಟುಕೊಂಡರು.

ಅವರು ತೀರಿಹೋದಾಗ ಸುಪ್ರಜಾಳಿಗೆ ಹತ್ತು ವರ್ಷ. ಹದಿಮೂರನೆಯ ದಿನದ ಊಟ ಮುಗಿಸಿ ಕೈ ತೊಳೆದ ಒಬ್ಬರು ಹೊರಡುವ ಮುಂಚೆ ಗೋಡೆಯ ಕಡೆ ಬೆಟ್ಟು ಮಾಡಿ, “ತಪ್ಪು ತಿಳ್ಕೋಬೇಡಿ, ಆ ಗಡಿಯಾರ ನಮ್ಮದು. ಬದರಿ ಒಂದು ವಾರಕ್ಕೇಂತ ತಂದಿದ್ದ,” ಎಂದರು. ಅವರು ಬಾಯಿ ಬಿಟ್ಟದ್ದೇ ತಡ, ಉಳಿದವರಿಗೂ ಧೈರ್ಯ ಬಂತು. ಕುರ್ಚಿ ಒಬ್ಬರದು. ಶಾಲು ಇನ್ನೊಬ್ಬರದು. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಅಚ್ಚುಕೂಟದ್ದು. ಸಂಜೆಯ ಹೊತ್ತಿಗೆ ಮನೆಯಲ್ಲಿ ಗೋಡೆಯ ಮೇಲೆ ಮೊಳೆಗಳಷ್ಟೇ ಉಳಿದವು. ಯಾರೂ ಕೆಟ್ಟ ಮಾತಾಡಲಿಲ್ಲ. ಎಲ್ಲರೂ ಕೈ ಮುಗಿದೇ ಎತ್ತಿಕೊಂಡು ಹೋದರು. ಅದಕ್ಕೇ ವಿಶಾಲಮ್ಮನವರಿಗೆ ಮುಖ ಎತ್ತಲಾಗಲಿಲ್ಲ.

ಒಂದು ತಿಂಗಳು ಕಳೆದ ಮೇಲೆ ಎದುರು ಮನೆಯ ಗುರುಸಿದ್ದಮ್ಮ, ಅಂದರೆ ಮಹಾನಂದಳ ಅತ್ತೆ, ಬಾಗಿಲಲ್ಲಿ ನಿಂತು, “ವಿಶಾಲಮ್ಮ, ನಿಮ್ಮ ಅಟ್ಟದಲ್ಲಿ ಆ ತೊಟ್ಲು…” ಎಂದರು. ಅಷ್ಟೇ. ಪೂರ್ತಿ ಕೇಳುವ ತಾಳ್ಮೆ ವಿಶಾಲಮ್ಮನವರಿಗಿರಲಿಲ್ಲ. ಸ್ಟೂಲು ಹತ್ತಿ, ತೊಟ್ಟಿಲನ್ನು ಒಬ್ಬರೇ ಇಳಿಸಿ, ಹೊಸ್ತಿಲಾಚೆ ಇಟ್ಟು, “ತಗೊಂಡ್ ಹೋಗಿ,” ಎಂದು ಬಾಗಿಲು ಹಾಕಿಕೊಂಡರು. ಉಳಿದದ್ದು ಹೋದರೆ ಹೋಗಲಿ, ಮಗಳು ಮಲಗಿದ ತೊಟ್ಟಿಲಾದರೂ ತನ್ನದು ಎಂದುಕೊಂಡಿದ್ದರು. ಅದೂ ಅಲ್ಲ ಎಂದಾಯಿತು. ಅಂದಿನಿಂದ ಇನ್ನೊಬ್ಬರ ಮನೆಯದೊಂದು ಕಡ್ಡಿ ಅವರ ಹೊಸ್ತಿಲು ದಾಟಲಿಲ್ಲ.

ಹೀಗೆ ಹನ್ನೆರಡು ವರ್ಷ ಹೋಯಿತು. ಸುಪ್ರಜಾ ಓದಿ, ಟೈಪಿಂಗ್ ಕಲಿತು, ಕೆಲಸಕ್ಕೆ ಸೇರಿ, ಮಲ್ಲೇಶ್ವರದ ರಾಘವನ ಕೈ ಹಿಡಿದಳು. ಮದುವೆ ದೇವಸ್ಥಾನದಲ್ಲಿ ಸರಳವಾಗಿ ಆಯಿತು. ಸೀಮಂತವನ್ನು ಬೀಗರು ತಮ್ಮ ಮನೆಯಲ್ಲೇ ಮಾಡಿದರು. ಎರಡೂ ಕಡೆ ವಿಶಾಲಮ್ಮ ಹೋಗಿ ಉಂಡು ಬಂದವರು. ಚೊಚ್ಚಲ ಬಾಣಂತನಕ್ಕೆ ಮಗಳು ವಠಾರಕ್ಕೆ ಬಂದಾಗ ಅವರು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡರು: ಮಗುವಿನ ನಾಮಕರಣ ಈ ಮನೆಯಲ್ಲೇ ಆಗಬೇಕು. ಗಂಡ ಹೋದಾಗಿನಿಂದ ಈ ಬಾಗಿಲಿಗೆ ಒಂದು ಶುಭಕಾರ್ಯದ ತೋರಣ ಬಿದ್ದಿಲ್ಲ. ಈ ಸಲ ಬೀಳಬೇಕು.

ನಾಮಕರಣವೆಂದರೆ ತೊಟ್ಟಿಲು ಬೇಕು. ಅಲ್ಲೇ ಬಂದದ್ದು ತೊಡಕು. ಅವರ ಕಡೆಯ ಪದ್ಧತಿಯಲ್ಲಿ ಚೊಚ್ಚಲ ಮಗುವನ್ನು ಹೊಸ ತೊಟ್ಟಿಲಿಗೆ ಹಾಕುವುದಿಲ್ಲ. ಮಕ್ಕಳು ಮಲಗಿ ಎದ್ದು ಬೆಳೆದ ತೊಟ್ಟಿಲನ್ನು ಇನ್ನೊಂದು ಮನೆಯಿಂದ ಕೇಳಿ ತರಬೇಕು. ಕೊಂಡರೆ ಆಗದು, ಕೇಳಿಯೇ ತರಬೇಕು. ವಿಶಾಲಮ್ಮನವರಿಗೆ ಇದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ, ಬತ್ತಿ ಮಾರಿ ಕೂಡಿಟ್ಟದ್ದನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಬಡಗಿ ಮರಿಯಣ್ಣನ ಹತ್ತಿರ ಹೋದರು.

“ಅಮ್ಮಾವ್ರೇ, ಮಂಚ ಮಾಡು ಅನ್ನಿ, ಮಾಡ್ಕೊಡ್ತೀನಿ. ಹೊಸಾ ತೊಟ್ಲು ಯಾರ್ ಮಾಡಿಸ್ತಾರೆ? ನಾನು ಉಳಿ ಹಿಡಿದಾಗಿಂದ ತೊಟ್ಲು ರಿಪೇರಿ ಮಾಡಿದೀನೇ ಹೊರ್ತು ಹೊಸದು ಮಾಡಿಲ್ಲ,” ಎಂದ ಮರಿಯಣ್ಣ.

“ಹಾಗಾದ್ರೆ ನೀನು ರಿಪೇರಿ ಮಾಡಿದ ತೊಟ್ಟಿಲು ಆಕಾಶದಿಂದ ಬಿತ್ತಾ?”

ಮರಿಯಣ್ಣ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಳತೆ ಬರೆದುಕೊಂಡ.

ತೊಟ್ಟಿಲು ಬಂತು. ಹೊನ್ನೆ ಮರದ್ದು, ನಾಲ್ಕು ಮೂಲೆಗೂ ಗಿಳಿ. ತೊಲೆಯ ಕೊಂಡಿಗೆ ಸರಪಳಿ ಹಾಕಿ ತೂಗುಬಿಟ್ಟರು. ಇನ್ನು ಅದನ್ನು ಹಳೆಯದು ಮಾಡಬೇಕಲ್ಲ? ಅದಕ್ಕೂ ವಿಶಾಲಮ್ಮ ದಾರಿ ಹುಡುಕಿದ್ದರು. ನಾಮಕರಣದ ದಿನ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವುದು ಶಾಸ್ತ್ರ ತಾನೆ? ಒಂದು ಗಳಿಗೆ ಮಲಗುವ ಗುಂಡುಕಲ್ಲು ಒಂದು ತಿಂಗಳು ಮಲಗಿದರೆ ತೊಟ್ಟಿಲು ಹಳೆಯದಾಗಲೇಬೇಕು. ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಅರಿಸಿನ ಬಳಿದು, ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸಿದರು. ಬತ್ತಿ ಹೊಸೆಯುತ್ತಾ ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿಕೊಂಡು ತೂಗಿದರು.

ವಠಾರಕ್ಕೆ ಇದಕ್ಕಿಂತ ಮೋಜು ಬೇಕೆ? ನಲ್ಲಿಗೆ ಹೋಗುವವರು ಬಾಗಿಲಲ್ಲಿ ಇಣುಕುವರು. “ವಿಶಾಲಮ್ಮನೋರೇ, ಮಗು ರಾತ್ರಿ ಹಠ ಮಾಡ್ತಾ?” ಎಂದು ಒಬ್ಬಳು. “ಅಜ್ಜಿ ಹಾಗೇ ಇದೆ, ಮುಖ ಕಲ್ಲು ಮಾಡ್ಕೊಂಡು,” ಎಂದು ಇನ್ನೊಬ್ಬಳು. ಹಿಂದಿನ ಮನೆಯ ಮುನಿಯಕ್ಕ ಅದಕ್ಕೆ ಗುಂಡಪ್ಪ ಎಂದು ಹೆಸರೂ ಇಟ್ಟಳು.

“ಅಮ್ಮ, ಎಲ್ರೂ ನಗ್ತಿದಾರೆ. ನಂಗೆ ನಲ್ಲಿ ಹತ್ರ ಹೋಗೋಕಾಗ್ತಿಲ್ಲ,” ಎಂದಳು ತುಂಬು ಬಸುರಿ ಸುಪ್ರಜಾ.

“ನಗ್ಲಿ ಬಿಡು. ನಗೂನ ನಾವು ಯಾರ ಮನೆಯಿಂದಲೂ ತಂದಿಲ್ಲ.”

ಗಂಡುಮಗು ಹುಟ್ಟಿತು. ಆಸ್ಪತ್ರೆಯಿಂದ ತಾಯಿ ಮಗು ಮನೆಗೆ ಬಂದ ಮೇಲೆ ಬೀಗಿತ್ತಿ ರಂಗನಾಯಕಿ ಮಲ್ಲೇಶ್ವರದಿಂದ ಆಟೋದಲ್ಲಿ ಬಂದರು. ಒಳ್ಳೆಯ ಹೆಂಗಸೇ. ಮಾತು ಮೆತ್ತಗೆ, ಪದ್ಧತಿ ಗಟ್ಟಿ. ಮಗುವನ್ನು ಎತ್ತಿ ಮುದ್ದಾಡಿ, ಕಾಫಿ ಕುಡಿದು, ಆಮೇಲೆ ತೊಟ್ಟಿಲ ಹತ್ತಿರ ಹೋಗಿ ಮರದ ಮೇಲೆ ಕೈಯಾಡಿಸಿದರು. ಮೂಗಿನ ಹತ್ತಿರ ಕೈ ತಂದರು. ವಾರ್ನಿಷ್ ವಾಸನೆ.

“ಇದು ಹೊಸದಲ್ವೇನ್ರೀ?”

“ಒಂದು ತಿಂಗಳಿಂದ ತೂಗ್ತಿದೀನಿ.”

“ಯಾವ ಮಗೂನ?”

ರಂಗನಾಯಕಿ ಪಂಚೆ ಸರಿಸಿ ನೋಡಿದರು. ಗುಂಡುಕಲ್ಲು ಎಣ್ಣೆಯಲ್ಲಿ ಮಿರುಗುತ್ತಾ ಮಲಗಿತ್ತು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ನೋಡಿ ವಿಶಾಲಮ್ಮನವರೇ, ನಿಮ್ಮ ಶ್ರಮ ನಂಗೆ ಅರ್ಥವಾಗುತ್ತೆ. ಆದ್ರೆ ನಮ್ಮನೆ ಮಕ್ಕಳು ಯಾರೂ ಹೊಸ ತೊಟ್ಟಿಲಲ್ಲಿ ಮಲಗಿಲ್ಲ. ನಮ್ಮ ತೊಟ್ಟಿಲನ್ನ ಕಳಿಸೋಣ ಅಂದ್ರೆ ಅದನ್ನ ಹಿತ್ತಾಳೆ ಸರಪಳೀಲಿ ತೊಲೆಗೆ ಹಾಕಿದ್ದು, ಮಾವನೋರ ಕಾಲದಿಂದ ಇಳಿಸಿಲ್ಲ. ನಾಮಕರಣ ಅಲ್ಲೇ ಇಟ್ಕೊಳ್ಳೋಣ. ನಿಮಗೂ ತೊಂದರೆ ತಪ್ಪುತ್ತೆ.”

“ತೊಂದರೆ ಅಂತ ನಾನು ಹೇಳಿದ್ನಾ?”

ಒರಟಾಗಿ ಬಂತು ಮಾತು. ರಂಗನಾಯಕಿ ಸೊಸೆಯ ಮುಖ ನೋಡಿದರು. “ಸರಿ. ಗುರುವಾರದೊಳಗೆ ಮಕ್ಕಳು ಮಲಗಿದ ತೊಟ್ಟಿಲು ಒಂದನ್ನ ಕೇಳಿ ತನ್ನಿ. ನಾವೇ ಎಲ್ಲಾ ಇಲ್ಲಿಗೆ ಬರ್ತೀವಿ. ಸಿಗ್ಲಿಲ್ಲ ಅಂದ್ರೆ ಮಲ್ಲೇಶ್ವರ. ಬೇಜಾರು ಮಾಡ್ಕೋಬೇಡಿ,” ಎಂದು ಹೇಳಿ ಹೊರಟರು.

ತೊಟ್ಟಿಲು ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ಎದುರು ಮನೆಯ ಅಟ್ಟದಲ್ಲಿತ್ತು. ಮಹಾನಂದಳ ಮಗಳು ಐಶ್ವರ್ಯ ಅದರಲ್ಲೇ ಬೆಳೆದವಳು. ನಡುವೆ ಇದ್ದದ್ದು ಓಣಿಯಷ್ಟೇ.

ಸೋಮವಾರ ವಿಶಾಲಮ್ಮ ಹೊಸ್ತಿಲವರೆಗೆ ಹೋಗಿ ವಾಪಸು ಬಂದರು. ಮಂಗಳವಾರ ಕೇಳಬಾರದು ಎಂದುಕೊಂಡರು. ಬುಧವಾರ ಮಧ್ಯಾಹ್ನ, ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಸೆರಗು ಸರಿಮಾಡಿಕೊಂಡು ಎದ್ದರು. ಬರಿಗೈಯಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗುವುದು ಹೇಗೆಂದೇ ಅವರಿಗೆ ಮರೆತುಹೋಗಿತ್ತು. ಒಂದು ಲೋಟ ಸಕ್ಕರೆ ತುಂಬಿಕೊಂಡು, ಮೇಲೆ ಸವರಿ ಸಮ ಮಾಡಿ, ಹಿಡಿದುಕೊಂಡು ಹೋದರು.

ಮಹಾನಂದ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಲೋಟವನ್ನು ನೋಡಿ, “ನಾನ್ ಕೇಳಿಲ್ವಲ್ಲ?” ಎಂದಳು.

“ಇರ್ಲಿ ಅಂತ ತಂದೆ.”

“ಇರ್ಲಿ ಅಂತ ಕೊಡೋರಾ ನೀವು? ಕೂತ್ಕೊಳ್ಳಿ. ಏನ್ ಬೇಕಿತ್ತು ಹೇಳಿ.”

ವಿಶಾಲಮ್ಮ ಕೂರಲಿಲ್ಲ. “ತೊಟ್ಟಿಲು,” ಎಂದರು.

“ಹೊಸದಿದೆಯಲ್ಲ, ಗಿಳಿ ಎಲ್ಲಾ ಇಟ್ಟು? ಗುಂಡಪ್ಪ ಒಳ್ಳೇ ನಿದ್ದೆ ಮಾಡ್ತಾನಂತೆ.”

ವಿಶಾಲಮ್ಮ ಅಲ್ಲಿಂದಲೇ ತಿರುಗಿ ಹೋಗಬಹುದಾಗಿತ್ತು. ಮಲ್ಲೇಶ್ವರದ ಹಿತ್ತಾಳೆ ಸರಪಳಿ ಕಣ್ಣ ಮುಂದೆ ಬಂತು. ಕಾಲನ್ನು ಅಲ್ಲೇ ಊರಿದರು.

“ನಿಮ್ಮನೇದು ಕೊಡು ಮಹಾನಂದ. ನಾಮಕರಣಕ್ಕೆ ಬೇಕು.”

“ಏನಂದ್ರಿ? ಕೊಡು ಅಂದ್ರಾ? ತಡೀರಿ, ಓಣಿಯವರನ್ನೆಲ್ಲ ಕರೀತೀನಿ. ಮುನಿಯಕ್ಕಾ!” ಎಂದು ಕೂಗುವವಳಂತೆ ಕತ್ತು ಎತ್ತಿದಳು ಮಹಾನಂದ. ಕೂಗಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟಳು. ಮುಖದಿಂದ ನಗು ಹೋಯಿತು.

“ಕೊಡ್ತೀನಿ. ಅದಕ್ಕೆ ಮುಂಚೆ ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಇಷ್ಟು ವರ್ಷ ನಾನ್ ತಂದ ಸಕ್ಕರೇನ ಕೆರೆದು ಕೆರೆದು ವಾಪಸ್ ಕೊಟ್ರಲ್ಲ, ನಮ್ಮನೇದು ನಿಮಗೆ ಮೈಲಿಗೆ ಅಂತಾನಾ?”

“ಅಯ್ಯೋ ಶಿವನೇ!” ವಿಶಾಲಮ್ಮ ಲೋಟವನ್ನು ಕೆಳಗಿಟ್ಟುಬಿಟ್ಟರು. ಇಂಥ ಅರ್ಥವೊಂದು ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. “ಮೈಲಿಗೆ ಅಲ್ಲ ಕಣೇ, ಭಯ.”

“ಸಕ್ಕರೆ ಕಂಡ್ರೆ ಭಯಾನಾ?”

“ನಾಳೆ ಯಾರಾದ್ರೂ ಬಂದು, ಇದು ನಮ್ದು ಅಂತ ಬೆಟ್ಟು ಮಾಡಿ ತೋರಿಸಿದ್ರೆ ಅನ್ನೋ ಭಯ. ಅವರು ಹೋದಾಗ ನೀನೂ ನೋಡಿದ್ಯಲ್ಲ. ಗಡಿಯಾರ, ಕುರ್ಚಿ… ಕಡೆಗೆ ನಿಮ್ಮತ್ತೇನೂ ಬಂದು ತೊಟ್ಟಿಲು ತಗೊಂಡ್ ಹೋದ್ರು. ನನ್ನ ಮಗು ಮಲಗಿದ್ದ ತೊಟ್ಟಿಲೂ ನಿಮ್ಮದೇ ಅಂತ ನಂಗೇನು ಗೊತ್ತಿತ್ತು?”

ಮಹಾನಂದ ಬಾಯಿ ತೆರೆದುಕೊಂಡು ನೋಡಿದಳು. “ನಮ್ದಾ? ಯಾರ್ ಹೇಳಿದ್ದು ನಮ್ದು ಅಂತ?”

“ನಿಮ್ಮತ್ತೆ.”

“ಅತ್ತೆ ಕೇಳೋಕ್ ಬಂದಿದ್ರು ಕಣ್ರೀ! ನಾನಾಗ ಬಸುರಿ. ನಮ್ಮನೇಲಿ ತೊಟ್ಲೇ ಇರ್ಲಿಲ್ಲ. ಸಾವಾದ ಮನೆಯಿಂದ ತೊಟ್ಲು ತರ್ತೀರಾ ಅಂತ ಮುನಿಯಕ್ಕ ಬೈದ್ಳು. ‘ನಮ್ಗೆ ಸೂತಕ ಇಲ್ಲ, ಆ ಮನೆ ಮಗು ಎಷ್ಟ್ ಚೆನ್ನಾಗ್ ಬೆಳ್ದಿದೆ ನೋಡು, ನನ್ ಮೊಮ್ಮಗೂಗೆ ಅದೇ ತೊಟ್ಲು ಬೇಕು’ ಅಂತ ಹಠ ಮಾಡಿ ಬಂದ್ರು. ಕೇಳೋಕೂ ಬಿಡ್ಲಿಲ್ಲ ನೀವು, ತಗೊಂಡ್ ಹೋಗಿ ಅಂತ ಮುಖದ ಮೇಲೆ ಬಾಗಿಲು ಹಾಕಿದ್ರಿ. ಸಾಯೋವರೆಗೂ ಹೇಳ್ತಿದ್ರು ಅತ್ತೆ, ‘ಆಯಮ್ಮ ದುಃಖದಲ್ಲೂ ಇಲ್ಲ ಅನ್ನಲಿಲ್ಲ’ ಅಂತ.”

ವಿಶಾಲಮ್ಮ ಅಲ್ಲೇ ಗೋಡೆಗೊರಗಿ ಕುಳಿತರು. ಆ ದಿನ ಗುರುಸಿದ್ದಮ್ಮ ನಿಂತಿದ್ದ ರೀತಿ ನೆನಪಾಯಿತು. ಹೌದು, ಆಕೆ ಬೆಟ್ಟು ಮಾಡಿರಲಿಲ್ಲ. ಸೆರಗಿನ ತುದಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು, ಕೇಳುವವರು ಹಿಡಿಯುವ ಹಾಗೆ. ಒಂದು ತಿಂಗಳಿಂದ, ಸಾಮಾನಿನ ಕಡೆ ಚಾಚಿದ ಬೆರಳುಗಳೇ ತುಂಬಿದ್ದ ಕಣ್ಣಿಗೆ ಅದು ಕಂಡಿರಲಿಲ್ಲ.

“ಹಾಗಾದ್ರೆ ಅದು ಯಾರದು?”

“ಯಾರಿಗ್ ಗೊತ್ತು? ನಿಮ್ಮ ಯಜಮಾನ್ರು ಹನುಮಂತನಗರದ ಕಡೆಯಿಂದ ತಂದಿದ್ರಂತೆ. ಅವ್ರಿಗೆ ಇನ್ಯಾರೋ ಕೊಟ್ಟಿರ್ತಾರೆ. ತೊಟ್ಲಿಗೆಲ್ಲ ಯಾರ್ರೀ ಯಜಮಾನರು? ಏಳಿ, ಸ್ಟೂಲ್ ಹಿಡ್ಕೊಳ್ಳಿ. ನಾನ್ ಹತ್ತುತೀನಿ.”

ಇಳಿಸಿದರು. ಧೂಳು ಒರೆಸಿದಾಗ ಒಂದು ಕಡೆಯ ಕಟಾಂಜನದಲ್ಲಿ ಕಡ್ಡಿಯ ಬದಲು ಸೌಟಿನ ಹಿಡಿ ಕಂಡಿತು. ಸುಪ್ರಜಾ ಹಲ್ಲು ಬರುವ ಕಾಲಕ್ಕೆ ಒದ್ದು ಮುರಿದದ್ದಕ್ಕೆ ವಿಶಾಲಮ್ಮನವರೇ ಸೇರಿಸಿದ್ದು. ಇನ್ನೂ ಅಲ್ಲಾಡಿರಲಿಲ್ಲ. ಇಬ್ಬರೂ ಒಂದೊಂದು ಕಡೆ ಹಿಡಿದು ಓಣಿ ದಾಟಿಸಿದರು. ಗುಂಡಪ್ಪನನ್ನು ಎತ್ತಿ ಒರಳಿಗೆ ವಾಪಸು ಹಾಕಿದರು.

ಶುಕ್ರವಾರ ನಾಮಕರಣ. ಬಾಗಿಲಿಗೆ ಮಾವಿನ ತೋರಣ ಬಿತ್ತು. ಮಲ್ಲೇಶ್ವರದವರೆಲ್ಲ ಬಂದು, ಒಳಗೆ ಜಾಗ ಸಾಲದೆ ಓಣಿಯಲ್ಲಿ ಚಾಪೆ ಹಾಸಿ ಕೂತರು. ರಂಗನಾಯಕಿ ತೊಟ್ಟಿಲ ಮರವನ್ನು ಮುಟ್ಟಿ, ಮೂಸಿ, ಸೌಟಿನ ಹಿಡಿಯನ್ನು ಕಂಡು ನಕ್ಕರು. “ಇದು ತೊಟ್ಟಿಲು,” ಎಂದರು. ವಿಶಾಲಮ್ಮ ಅಡಿಗೆ ಒಲೆಯ ಹತ್ತಿರ ಶಾವಿಗೆ ಪಾಯಸ ಕದಡುತ್ತಿದ್ದರು. ಅವರು ಅಂದುಕೊಂಡದ್ದಕ್ಕಿಂತ ಮಂದಿ ಹೆಚ್ಚಾಗಿ, ಸಕ್ಕರೆ ಡಬ್ಬದ ತಳ ಕಂಡಿತು.

“ಮಹಾನಂದನ್ನ ಕರೀಲಾ ಅಮ್ಮ?” ಎಂದಳು ಸುಪ್ರಜಾ.

“ಬೇಡ. ನಾನೇ ಹೋಗ್ತೀನಿ.”

ಓಣಿಯಲ್ಲಿ ಅಷ್ಟು ಜನ ಕೂತಿದ್ದಾರೆ. ಅವರೆಲ್ಲರ ನಡುವೆ, ಖಾಲಿ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಕೈಯಲ್ಲಿ ಹಿಡಿದುಕೊಂಡೇ ದಾಟಿದರು. ಮಹಾನಂದ ಒಳಗಿನಿಂದ ಡಬ್ಬ ತಂದು, ಲೋಟ ತುಂಬಿ, ಚಾಕು ತೆಗೆದುಕೊಂಡು, ವಿಶಾಲಮ್ಮನವರ ಮುಖವನ್ನೇ ನೋಡುತ್ತಾ ಲೋಟದ ಬಾಯನ್ನು ನಿಧಾನವಾಗಿ ಸವರಿದಳು.

“ಲೆಕ್ಕ ಅಂದ್ರೆ ಲೆಕ್ಕ.”

“ಸಾಕು ಬಾರೇ, ಪಾಯಸ ತಳ ಹಿಡಿಯುತ್ತೆ,” ಎಂದು ವಿಶಾಲಮ್ಮ ಡಬ್ಬವನ್ನೇ ಕಿತ್ತುಕೊಂಡು ಹೋದರು.

ಮಗು ಬೋರಲು ಬಿದ್ದು, ತೆವಳಿ, ತೊಟ್ಟಿಲು ಸಾಲದಾಗಿ, ಸುಪ್ರಜಾ ಮಲ್ಲೇಶ್ವರಕ್ಕೆ ಹೊರಟಳು. ಅವಳು ಹೋದ ದಿನವೇ ವಿಶಾಲಮ್ಮ ತೊಟ್ಟಿಲನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಎದುರು ಮನೆಗೆ ಒಯ್ದರು. ಮಹಾನಂದ ಕಾಯಿ, ಅಕ್ಕಿ, ಕಣ ತೆಗೆದುಕೊಂಡಳು.

“ತೊಟ್ಲು ಒಯ್ಯಿರಿ.”

“ಅಂದ್ರೆ?”

“ಅಂದ್ರೆ ನಿಮ್ಮ ಅಟ್ಟಕ್ಕೆ. ಇದು ವಾಪಸ್ ಕೊಡೋ ಸಾಮಾನಲ್ಲ. ಮುಂದಿನವರು ಕೇಳ್ಕೊಂಡ್ ಬರೋವರೆಗೂ ಕಡೇ ಮಗು ಮಲಗಿದ ಮನೇಲೇ ಇರ್ಬೇಕು. ನನ್ ಅಟ್ಟ ಈಗ್ಲಾದ್ರೂ ಖಾಲಿ ಆಯ್ತು.”

ವಿಶಾಲಮ್ಮ ವಾದ ಮಾಡಿ ನೋಡಿದರು. ಮಹಾನಂದ ಕೇಳಲಿಲ್ಲ. ಹೀಗೆ, ತೀರಿಸಲಾಗದ್ದೊಂದು ಅವರ ಅಟ್ಟ ಸೇರಿತು. ಮೊದಮೊದಲು ಮಲಗಿದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಮರಿಯಣ್ಣನ ತೊಟ್ಟಿಲು ಕೆಳಗೇ ತೂಗುತ್ತಿತ್ತು. ಅದಕ್ಕೆ ಹತ್ತಿ ತುಂಬಿದ್ದರು. ಕೈಗೆ ಸಿಗುವ ಎತ್ತರದಲ್ಲಿತ್ತು, ಇಲಿಯ ಕಾಟವೂ ಇರಲಿಲ್ಲ. ಇಷ್ಟು ಅನುಕೂಲವಾದ ಹತ್ತಿಬುಟ್ಟಿ ಚಾಮರಾಜಪೇಟೆಯಲ್ಲೇ ಇಲ್ಲ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಮುಂದಿನ ವರ್ಷ ಕಾರ್ತಿಕದಲ್ಲಿ, ಮುನಿಯಕ್ಕನ ತಮ್ಮ ಮುನಿಸ್ವಾಮಿ ಬಾಗಿಲಲ್ಲಿ ಬಂದು ನಿಂತ. ಮಗಳಿಗೆ ಹೆರಿಗೆಯಾಗಿದೆಯಂತೆ. ಟವೆಲಿನ ತುದಿಯನ್ನು ತಿರುಚುತ್ತಾ, ಹೇಗೆ ಕೇಳುವುದೆಂದು ತಿಳಿಯದೆ, “ಅಮ್ಮಾ, ಆ ತೊಟ್ಲು… ಅದು ನಿಮ್ದಂತಲ್ಲ…” ಎಂದ.

ವಿಶಾಲಮ್ಮ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. ಈ ಸಲ ಅವನು ಪೂರ್ತಿ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು.

“ನಮ್ದಲ್ಲಪ್ಪ, ನಮ್ಮಲ್ಲಿದೆ,” ಎಂದು ಎದ್ದು ಸ್ಟೂಲು ಎಳೆದರು. “ಆ ಕಡೆ ಹಿಡ್ಕೋ. ಸೌಟಿನ ಹಿಡಿ ಇರೋ ಜಾಗ ಹಿಡಿದು ಎತ್ತಬೇಡ, ಪಕ್ಕದ್ದು ಹಿಡಿ.”